ವಿದ್ಯಾರ್ಥಿ ನಿಲಯದ ಪಂಕ್ತಿ

ಒಂದು ಕಾಲೇಜಿನಲ್ಲಿ ಯಾವ ಯಾವ ಜಾತಿಯ, ಮತದ, ಭಾಷೆಯ ವಿದ್ಯಾರ್ಥಿಗಳು ಎಷ್ಟೆಷ್ಟು ಮಂದಿ ಇದ್ದಾರೆಂಬುದು ಪ್ರವೇಶದ ದಾಖಲೆಯಿಂದ ತಿಳಿಯುತ್ತದೆ. ಅವರು ಅಲ್ಲಿ ಹೇಗಿದ್ದಾರೆಂಬುದು ತಿಳಿಯಬೇಕಾದರೆ ಊಟದ ಗಂಟೆ ಬಾರಿಸಿದ ಮೇಲೆ ವಿದ್ಯಾರ್ಥಿ ನಿಲಯದ ಭೋಜನಶಾಲೆಗೆ ಹೋಗಿ ನಿಲ್ಲಬೇಕು. ಯಾರು ಯಾರ ಮಗ್ಗುಲಲ್ಲಿ ಕುಳಿತರು, ಯಾರು ತಟ್ಟೆಯನ್ನು ಹಿಡಿದು ಕೊಠಡಿಗೆ ನಡೆದರು, ಯಾರು ಬಂದು ಕುಳಿತೊಡನೆ ಪಕ್ಕದವರ ಮಾತು ನಿಂತಿತು, ಬಡಿಸುವವನ ಸೌಟು ಯಾರ ತಟ್ಟೆಗೆ ತಾಗದಂತೆ ಎತ್ತರದಲ್ಲಿಯೇ ಉಳಿಯಿತು, ಇವು ಯಾವ ದಾಖಲೆಯಲ್ಲಿಯೂ ಬರೆದಿರುವುದಿಲ್ಲ. ಮನೆಬಿಟ್ಟು ಬಂದ ಹದಿನೆಂಟು ವರ್ಷದ ಹುಡುಗನೊಬ್ಬನು ತಾಯಿಯೊಡನೆ ಮಾತನಾಡುವಾಗ ಹೇಳದೆ ಮುಚ್ಚಿಡುವುದು ಬಹುಮಟ್ಟಿಗೆ ಇವನ್ನೇ.

ಇತ್ತೀಚಿನ ವರ್ಷಗಳಲ್ಲಿ ಉನ್ನತ ಶಿಕ್ಷಣದ ಸುತ್ತೋಲೆಗಳಲ್ಲಿಯೂ ವಿಚಾರಗೋಷ್ಠಿಗಳಲ್ಲಿಯೂ ಮೂರು ಮಾತುಗಳು ಒಟ್ಟೊಟ್ಟಿಗೆ ಕೇಳಿಬರುತ್ತಿವೆ: ವೈವಿಧ್ಯ, ಒಳಗೊಳ್ಳುವಿಕೆ, ಸಂಸ್ಕೃತಿಯ ಅರಿವು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಮೂರೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ವೈವಿಧ್ಯವೆಂಬುದು ಎಣಿಕೆಗೆ ಸಿಕ್ಕುವ ಸಂಗತಿ. ಒಂದು ಸಂತೆಯಲ್ಲಿಯೂ ಅದು ಉಂಟು, ರೈಲುಗಾಡಿಯಲ್ಲಿಯೂ ಉಂಟು. ಒಳಗೊಳ್ಳುವಿಕೆಯಾದರೋ ನಡತೆಗೆ ಸಂಬಂಧಿಸಿದ್ದು. ಇನ್ನು ಅರಿವು ಎಂಬ ಮಾತಿಗೆ ಕನ್ನಡದಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕ ತೂಕವಿದೆ. ಶರಣರ ಪರಿಭಾಷೆಯಲ್ಲಿ ಅರಿವಿನ ಜೊತೆಗೆ ಆಚಾರವಿಲ್ಲದಿದ್ದರೆ ಅದು ಅರಿವೇ ಅಲ್ಲ. ಪರರ ಹಬ್ಬಗಳ ಹೆಸರುಗಳನ್ನು ಪಾಠ ಒಪ್ಪಿಸುವಂತೆ ಒಪ್ಪಿಸುವವನಿಗೆ ಮಾಹಿತಿ ಇದೆಯೆನ್ನಬಹುದು, ಅರಿವಿದೆಯೆನ್ನಲಾಗದು.

ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬರುತ್ತಾರೆಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಕೊಲ್ಲಾಪುರದ ನಿದರ್ಶನವನ್ನು ಮೊದಲು ನೋಡಬೇಕು. ರಾಯಬಾಗದಂತಹ ಕನ್ನಡ ಸೀಮೆಯೂ ಅಂದು ಆ ಸಂಸ್ಥಾನಕ್ಕೆ ಸೇರಿದ್ದಿತಾದ್ದರಿಂದ ಇದು ತೀರ ಹೊರಗಿನ ಕಥೆಯಲ್ಲ. 1894ರಲ್ಲಿ ಪಟ್ಟವೇರಿದ ಶಾಹೂ ಮಹಾರಾಜರು 1896ರಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದು ವಸತಿಗೃಹವನ್ನು ತೆರೆಯಿಸಿದರು. ನಿಯಮದಲ್ಲಿ ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಆಡಳಿತವು ಒಂದೇ ವರ್ಗದವರ ಕೈಯಲ್ಲಿದ್ದುದರಿಂದ ಕೆಲವೇ ವರ್ಷಗಳಲ್ಲಿ ಅಲ್ಲಿ ಆ ವರ್ಗದ ವಿದ್ಯಾರ್ಥಿಗಳೇ ಉಳಿದರು; ಸರ್ವರಿಗೂ ಎಂದು ಕಟ್ಟಿದ ಮನೆ ಕೆಲವರದಾಯಿತು. ಇಲ್ಲಿ ಯಾರನ್ನೂ ಕತ್ತುಹಿಡಿದು ಹೊರದಬ್ಬಬೇಕಾದ ಪ್ರಸಂಗವೇ ಬರಲಿಲ್ಲವೆಂಬುದು ಗಮನಿಸತಕ್ಕ ಅಂಶ. ಅಡುಗೆ ಒಬ್ಬರ ರೀತಿಯದು, ಮೇಲ್ವಿಚಾರಣೆ ಒಬ್ಬರದು, ಮಡಿಯ ಕಟ್ಟಳೆ ಒಬ್ಬರದು ಎಂದಾದ ಮೇಲೆ ಮಿಕ್ಕವರು ತಾವಾಗಿಯೇ ದೂರವಾಗುತ್ತಾರೆ.

ಮಹಾರಾಜರು ಇದರಿಂದ ಕಲಿತದ್ದು ವಿಚಿತ್ರವೆಂಬಂತೆ ತೋರುವ ಪಾಠ. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ, ಅದೇ ವರ್ಷ ಜೈನರಿಗೆ, 1906ರಲ್ಲಿ ಮುಸಲ್ಮಾನರಿಗೆ, 1908ರಲ್ಲಿ ಅಂದು ಅಸ್ಪೃಶ್ಯರೆನಿಸಿಕೊಂಡಿದ್ದವರಿಗೆ, ಅಂತೆಯೇ ವೀರಶೈವ ಲಿಂಗಾಯತರಿಗೆ, ಮತ್ತಿತರ ಸಮುದಾಯಗಳಿಗೆ ಬೇರೆ ಬೇರೆ ವಸತಿಗೃಹಗಳು ಅವರ ಆಶ್ರಯದಲ್ಲಿ ಎದ್ದವು. ಜಾತಿಯನ್ನು ಅಳಿಸಹೊರಟವರು ಜಾತಿಗೊಂದು ಮನೆ ಕಟ್ಟಿದರಲ್ಲ ಎಂದು ಆಕ್ಷೇಪಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೂ ಉಣ್ಣಲು, ಮಲಗಲು ಸ್ಥಳವೇ ಇಲ್ಲದ ಬಾಲಕನಿಗೆ ಜಾತ್ಯತೀತತೆಯ ಉಪದೇಶವು ಹಾಸಿಗೆಯಾಗಲಾರದು. ಇದೇ ಮಹಾರಾಜರು, ಅರಮನೆಯ ಲಾಯದಲ್ಲಿ ನೀರು ಮುಟ್ಟಿದನೆಂಬ ಕಾರಣಕ್ಕೆ ಹೊಡೆಸಿಕೊಂಡ ಗಂಗಾರಾಮ ಕಾಂಬಳೆಗೆ ಚಹದಂಗಡಿಯನ್ನು ಹಾಕಿಸಿಕೊಟ್ಟು, ತಾವೇ ಪರಿವಾರದೊಡನೆ ಹೋಗಿ ಅಲ್ಲಿ ಚಹ ಕುಡಿಯುತ್ತಿದ್ದರೆಂಬುದನ್ನು ನೆನೆದರೆ ಅವರ ದೃಷ್ಟಿ ಸ್ಪಷ್ಟವಾಗುತ್ತದೆ. ಬೇರೆ ಬೇರೆ ಮನೆ ಆ ಕಾಲದ ಉಪಾಯ. ಒಂದೇ ಬಟ್ಟಲು ಅವರ ಗುರಿ.

ಕನ್ನಡ ನಾಡಿನಲ್ಲಿಯೂ ಇದೇ ಕಾಲದಲ್ಲಿ ಇಂತಹ ಕಾರ್ಯಗಳು ನಡೆದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮವರಿಂದಲೇ ಬಹಿಷ್ಕಾರವನ್ನು ಅನುಭವಿಸಿ ದಲಿತ ಮಕ್ಕಳ ವಿದ್ಯೆಗಾಗಿ 1897ರಲ್ಲಿ ಸಂಸ್ಥೆಯನ್ನು ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ವಿದ್ಯೆಗೆ ಬರೆದಿಟ್ಟರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಛತ್ರ ಹಾಗೂ ಉಚಿತ ವಿದ್ಯಾರ್ಥಿ ನಿಲಯ ಹಳ್ಳಿಯ ಹುಡುಗರಿಗೆ ಆಸರೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ದೇಸಾಯರ ಹೆಸರನ್ನು ಹೊತ್ತ ಲಿಂಗರಾಜ ಕಾಲೇಜು 1933ರಲ್ಲಿ ತಲೆಯೆತ್ತಿತು. ಒಂದು ಸಮುದಾಯದ ಮಕ್ಕಳಿಗಾಗಿ ಹುಟ್ಟಿದ ಇಂತಹ ಹಲವು ಸಂಸ್ಥೆಗಳು ಕ್ರಮೇಣ ಎಲ್ಲ ಸಮುದಾಯಗಳಿಗೂ ತೆರೆದುಕೊಂಡವು. ಹಾಗೆ ತೆರೆದುಕೊಳ್ಳಲು ಕೆಲವಕ್ಕೆ ದಶಕಗಳೇ ಹಿಡಿದವೆಂಬುದನ್ನು ಅಭಿಮಾನಕ್ಕಾಗಿ ಮರೆಮಾಚಬೇಕಾಗಿಲ್ಲ.

ಕಾನೂನಿನ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೈಸೂರಿನಲ್ಲಿ 1918ರಲ್ಲಿ ನೇಮಕಗೊಂಡ ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಸ್ಥಾನಗಳನ್ನೂ ವಿದ್ಯಾರ್ಥಿ ವೇತನಗಳನ್ನೂ ಸೂಚಿಸಿತು. ಗಣರಾಜ್ಯವಾದ ಮೇಲೆ 1951ರ ಮೊದಲನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 15(4)ನೆಯ ಉಪವಿಧಿ ಸೇರಿತು. 1962ರಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ, ಇಂಜಿನಿಯರಿಂಗ್ ಮುಂತಾದ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾಯ್ದಿರಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಬಾಲಾಜಿ ಮೊಕದ್ದಮೆಯಲ್ಲಿ ರದ್ದುಗೊಳಿಸಿ, ಸಾಮಾನ್ಯವಾಗಿ ಅದು ನೂರಕ್ಕೆ 50ನ್ನು ಮೀರಬಾರದೆಂದಿತು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯನ್ನೊಪ್ಪಿಸಿದ ಹಾವನೂರ್ ಆಯೋಗ, ದೇವರಾಜ ಅರಸರ ಆಡಳಿತ, ಊರೂರುಗಳ ಬಿ.ಸಿ.ಎಂ. ಹಾಸ್ಟೆಲುಗಳು, ಇವುಗಳ ಫಲವಾಗಿ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ಸಹಸ್ರಾರು. ಸ್ಥಾನ ದೊರಕಿಸುವುದು ಕಾನೂನಿನಿಂದ ಸಾಧ್ಯ. ಪಂಕ್ತಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಬಿಡಿಸುವುದು ಅದರಿಂದ ಅಷ್ಟು ಸುಲಭವಲ್ಲ.

ಡಾ. ಬಿ. ಆರ್. ಅಂಬೇಡ್ಕರ್ ಅವರ ಜೀವನದ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತಿನ ಅರ್ಥ ಆಳವಾಗುತ್ತದೆ. ಬರೋಡೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನದಿಂದ 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಮೊದಲು ಇಳಿದುಕೊಂಡ ವಿದ್ಯಾರ್ಥಿ ನಿಲಯದ ಊಟ ಹಿಡಿಸದೆ ಬೇಗನೆ ಬಿಟ್ಟರು. ಕೊನೆಗೆ ಮತ್ತೊಂದು ನಿಲಯದಲ್ಲಿ ನವಲ್ ಭಾಥೇನಾ ಎಂಬ ಪಾರ್ಸಿ ತರುಣನೊಡನೆ ಒಂದೇ ಕೊಠಡಿಯಲ್ಲಿದ್ದರು. ಆ ಸ್ನೇಹ ಜೀವನಪರ್ಯಂತ ಉಳಿಯಿತು. ಅಲ್ಲಿ ಅವರು ಪರದೇಶದವರು, ಬಣ್ಣ ಬೇರೆ, ಭಾಷೆ ಬೇರೆ, ಊಟ ಬೇರೆ. ಅಷ್ಟೆಲ್ಲ ಬೇರೆತನದ ನಡುವೆಯೂ ತಮ್ಮ ಹೆಸರನ್ನು ಮರೆಸಬೇಕಾದ ಪ್ರಮೇಯ ಬರಲಿಲ್ಲ. 1917ರಲ್ಲಿ ಅದೇ ಬರೋಡೆಗೆ ಸಂಸ್ಥಾನದ ಅಧಿಕಾರಿಯಾಗಿ ಹಿಂದಿರುಗಿದಾಗ ತಂಗಲು ಯಾರ ಮನೆಯೂ ದೊರೆಯಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರನ್ನು ಬರೆಯಿಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು ಹೊರಡಿಸಿತು. ಒಬ್ಬ ಹಿಂದೂ ಮಿತ್ರರ, ಒಬ್ಬ ಕ್ರೈಸ್ತ ಮಿತ್ರರ ಮನೆಯಲ್ಲಿಯೂ ಆಶ್ರಯ ಸಿಗಲಿಲ್ಲ. ಈ ಸಂಗತಿಯನ್ನು ಅವರೇ ಬರೆದಿಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿ ಕೊಠಡಿಯನ್ನು ಹಂಚಿಕೊಂಡವನೂ ಪಾರ್ಸಿ, ಬರೋಡೆಯಲ್ಲಿ ಹೊರಗಟ್ಟಿದವರೂ ಪಾರ್ಸಿಗಳು. ಆದ್ದರಿಂದ ಇದನ್ನು ಒಂದು ಸಮುದಾಯದ ಗುಣದೋಷವಾಗಿ ಓದಲು ಬರುವುದಿಲ್ಲ. ಇದ್ದ ನೆಲ ಬೇರೆ, ಆ ನೆಲದ ಕಟ್ಟಳೆ ಬೇರೆ.

ಹೆಸರು ಮರೆಸುವ ಈ ಕಷ್ಟ ನೂರು ವರ್ಷಗಳ ಹಿಂದೆಯೇ ಮುಗಿದುಹೋದದ್ದೇನಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ, ವರ್ಗಗಳ ವಿದ್ಯಾರ್ಥಿಗಳಿಗೆ ತಾರತಮ್ಯವಾಗುತ್ತಿದೆಯೆಂಬ ದೂರನ್ನು ಪರಿಶೀಲಿಸಲು 2006ರಲ್ಲಿ ಪ್ರೊ. ಸುಖದೇವ ಥೋರಾಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 2007ರ ಅದರ ವರದಿಯಲ್ಲಿ ಎಲ್ಲಕ್ಕಿಂತ ಮನಕಲಕುವ ಅಂಶವು ವಿದ್ಯಾರ್ಥಿ ನಿಲಯಕ್ಕೆ ಸಂಬಂಧಿಸಿದ್ದು. ಈ ವಿದ್ಯಾರ್ಥಿಗಳು ಸಹಪಾಠಿಗಳ ಕಿರುಕುಳವನ್ನು ತಾಳಲಾರದೆ ತಮಗೆ ಹಂಚಿಕೆಯಾದ ಕೊಠಡಿಗಳನ್ನು ಬಿಟ್ಟು, ತಮ್ಮವರೇ ಇರುವ ಕೆಲವು ಮಹಡಿಗಳಿಗೆ ಹೋಗಿ ಸೇರಿಕೊಂಡಿದ್ದರು. ನೂರು ವರ್ಷಗಳ ಹಿಂದೆ ಕೊಲ್ಲಾಪುರದಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ವ್ಯತ್ಯಾಸವಿಷ್ಟೆ: ಅಲ್ಲಿ ಪ್ರತ್ಯೇಕ ಮನೆಯನ್ನು ಒಬ್ಬ ದೊರೆ ಕರುಣೆಯಿಂದ ಕಟ್ಟಿಸಿದರು, ಇಲ್ಲಿ ಪ್ರತ್ಯೇಕ ಮಹಡಿಯನ್ನು ಸಹಪಾಠಿಗಳ ಕ್ರೌರ್ಯ ಕಟ್ಟಿತು. ಈ ಮಹಡಿಗಳ ವಿದ್ಯಾರ್ಥಿಗಳನ್ನು ನೋಡಿ ಅವರೇ ಬೆರೆಯುವುದಿಲ್ಲವಲ್ಲ ಎನ್ನುವವರು ಕಾರಣವನ್ನೂ ಕಾರ್ಯವನ್ನೂ ಅದಲುಬದಲು ಮಾಡುತ್ತಾರೆ.

2012ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರತಿ ಸಂಸ್ಥೆಯಲ್ಲಿಯೂ ಸಮಾನ ಅವಕಾಶ ಕೋಶ ಹಾಗೂ ತಾರತಮ್ಯ ನಿವಾರಣಾಧಿಕಾರಿ ಇರಬೇಕೆಂದು ವಿಧಿಸಿತು. ರ‍್ಯಾಗಿಂಗ್ ತಡೆಯ ನಿಯಮಗಳಿಗೆ 2016ರಲ್ಲಿ ತಂದ ತಿದ್ದುಪಡಿಯು ಜಾತಿ, ಮತ, ಬಣ್ಣ, ಭಾಷೆ, ಪ್ರದೇಶ, ಲಿಂಗ, ರೂಪ, ಬಡತನಗಳನ್ನು ಎತ್ತಿ ಆಡುವುದನ್ನೂ ಅಪರಾಧದ ವ್ಯಾಪ್ತಿಗೆ ತಂದಿತು. ಈ ನಿಯಮಗಳು ಅವಶ್ಯಕ. ಆದರೆ ಇವು ಗಾಯವಾದ ಮೇಲೆ ದೂರು ಕೊಡಲು ಇರುವ ಕಿಟಕಿಗಳು. ಹೊಸದಾಗಿ ಪ್ರವೇಶ ಪಡೆದ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ಕೇಳಿಬರುವ ಎರಡು ಪ್ರಶ್ನೆಗಳು, ಅಡ್ಡಹೆಸರೇನು ಎಂಬುದು ಹಾಗೂ ಪ್ರವೇಶ ಪರೀಕ್ಷೆಯಲ್ಲಿ ಎಷ್ಟನೆಯ ಸ್ಥಾನ ಬಂದಿತೆಂಬುದು, ಕೇಳಲು ನಿರಪಾಯವಾಗಿಯೇ ತೋರುತ್ತವೆ. ಕೇಳುವವನಿಗೆ ಬೇಕಾದದ್ದು ಜಾತಿ. ಉತ್ತರಿಸುವವನಿಗೂ ಅದು ಗೊತ್ತು. ಅಡ್ಡಹೆಸರನ್ನು ಬಿಟ್ಟು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಹೇಳಿ ಪಾರಾಗುವುದನ್ನು ಅವನು ಬೇಗನೆ ಕಲಿಯುತ್ತಾನೆ. ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ಪಾಠವಿದು.

ಹನ್ನೆರಡನೆಯ ಶತಮಾನದ ಶರಣ ಸಮೂಹವನ್ನು ಇಲ್ಲಿ ನೆನೆಯುವುದು ಅಲಂಕಾರಕ್ಕಾಗಿ ಅಲ್ಲ. ಎಲ್ಲರೂ ಸಮಾನರೆಂದು ಸಾರಿದ ಆ ಸಮೂಹದಲ್ಲಿ ಯಾರೂ ತಮ್ಮ ಹಿಂದಿನ ಗುರುತನ್ನು ಅಳಿಸಿಕೊಳ್ಳಲಿಲ್ಲವೆಂಬುದು ಸಾಮಾನ್ಯವಾಗಿ ಓದುಗರ ಕಣ್ಣು ತಪ್ಪುವ ಸಂಗತಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸೂಳೆ ಸಂಕವ್ವೆ, ಹೀಗೆ ಕಾಯಕದ ಹೆಸರೂ ಕುಲದ ಹೆಸರೂ ವ್ಯಕ್ತಿಯ ಹೆಸರಿಗೆ ಅಂಟಿಕೊಂಡೇ ಇಂದಿನವರೆಗೂ ಬಂದಿವೆ. ಐತಿಹ್ಯದಂತೆ ಮೋಳಿಗೆ ಮಾರಯ್ಯ ಕಾಶ್ಮೀರದವರು, ಆದಯ್ಯ ಸೌರಾಷ್ಟ್ರದವರು. ಮೇಲೆದ್ದು ಬರುವುದಕ್ಕೆ ಹಳೆಯ ಹೆಸರನ್ನು ಕಳಚಿಡಬೇಕೆಂಬ ಷರತ್ತು ಅಲ್ಲಿರಲಿಲ್ಲ. ಕಳಚಬೇಕಾಗಿದ್ದುದು ಆ ಹೆಸರಿಗೆ ಲೋಕ ಅಂಟಿಸಿದ್ದ ಹೀನಾಯ. ಗುರುತನ್ನು ಮುಚ್ಚಿಟ್ಟುಕೊಂಡವನಿಗೆ ಸಿಗುವ ಸ್ಥಾನವು ಬರೋಡೆಯ ವಸತಿಗೃಹದಲ್ಲಿ ಸಿಕ್ಕ ಹನ್ನೊಂದು ದಿನಗಳ ಸ್ಥಾನದಂತೆಯೇ. ಕಾಲೇಜುಗಳಲ್ಲಿ ಒಳಗೊಳ್ಳುವಿಕೆಯನ್ನು ಅಳೆಯಬೇಕಾದರೆ ಇದೊಂದೇ ಅಳತೆಗೋಲು ಸಾಕು: ಏನನ್ನೂ ಮರೆಸದೆ ಎಷ್ಟು ಮಂದಿ ಅಲ್ಲಿ ಕುಳಿತು ಉಣ್ಣಬಲ್ಲರು?

ಊಟದ ವಿಷಯದಲ್ಲಿ ಇಂದು ಎದ್ದಿರುವ ವಾದವನ್ನು ಸಸ್ಯಾಹಾರವನ್ನು ವ್ರತವಾಗಿ ಪಾಲಿಸುವ ಮನೆತನಗಳ ಓದುಗರು ವಿಶೇಷವಾಗಿ ಯೋಚಿಸಬೇಕಾಗಿದೆ. ಮಾಂಸ ಬೇಯಿಸಿದ ಪಾತ್ರೆಯಲ್ಲಿ ತಮ್ಮ ಸಾರು ಬೇಯಬಾರದೆಂದು ಸಸ್ಯಾಹಾರಿ ವಿದ್ಯಾರ್ಥಿಯು ಕೇಳುವುದು ನ್ಯಾಯವೇ. ಬೇರೆ ಒಲೆ, ಬೇರೆ ಸೌಟು ಇಡುವುದರಿಂದ ಯಾರಿಗೂ ಅವಮಾನವಾಗದು. 2018ರ ಡಿಸೆಂಬರಿನಲ್ಲಿ ಮದ್ರಾಸಿನ ಐ.ಐ.ಟಿ.ಯ ಭೋಜನಶಾಲೆಯೊಂದರಲ್ಲಿ ಕಾಣಿಸಿಕೊಂಡದ್ದು ಮಾತ್ರ ಬೇರೆ ಬಗೆಯದು. ಅಲ್ಲಿ ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ಪ್ರತ್ಯೇಕ ಪ್ರವೇಶದ್ವಾರ, ಪ್ರತ್ಯೇಕ ಕೈತೊಳೆಯುವ ತೊಟ್ಟಿಯೆಂಬ ಸೂಚನಾಪತ್ರಗಳನ್ನು ಅಂಟಿಸಲಾಗಿತ್ತು. ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ ಅವನ್ನು ತೆಗೆಯಲಾಯಿತು. ಪಾತ್ರೆಯನ್ನು ಬೇರೆಯಿಡುವುದು ಆಹಾರವನ್ನು ಕುರಿತದ್ದು. ಬಾಗಿಲನ್ನೂ ನೀರಿನ ತೊಟ್ಟಿಯನ್ನೂ ಬೇರೆ ಮಾಡುವುದು ಮನುಷ್ಯನನ್ನು ಕುರಿತದ್ದು. ಈ ನಾಡಿನಲ್ಲಿ ನೀರಿಗೂ ಮುಟ್ಟಿಗೂ ಇರುವ ಹಳೆಯ ನಂಟನ್ನು ಬಲ್ಲವರು ಈ ಎರಡನ್ನೂ ಒಂದೆನ್ನಲಾರರು. ಮೀನು ತಿನ್ನುವ ಕರಾವಳಿಯ ಹುಡುಗಿಯೊಬ್ಬಳು ತನ್ನ ಡಬ್ಬಿಯನ್ನು ಮೂಲೆಗೆ ಹೋಗಿ ತೆರೆಯಬೇಕಾದರೆ, ಅವಳ ಎದುರಿಗೆ ಕುಳಿತು ತನ್ನ ರೊಟ್ಟಿಯನ್ನು ತಿನ್ನಲಾರದ ಶುಚಿತ್ವ ಯಾವ ಬಗೆಯದೆಂದು ಕೇಳಿಕೊಳ್ಳಬೇಕಾಗುತ್ತದೆ.

ಭಾಷೆಯ ಕಷ್ಟ ಇದರಷ್ಟು ಕಣ್ಣಿಗೆ ಬೀಳುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಉತ್ತಮ ಅಂಕ ಗಳಿಸಿದ ಬಾಲಕಿಯು ವಿಜ್ಞಾನದ ತರಗತಿಗೆ ಬಂದೊಡನೆ ಮೂಕಳಾಗುತ್ತಾಳೆ. ಸಂಶಯ ಕೇಳಬೇಕೆಂದರೆ ಮೊದಲು ವಾಕ್ಯವನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಕಟ್ಟಬೇಕು. ಕಟ್ಟಿ ಮುಗಿಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ತನ್ನ ನಾಡಿನಲ್ಲಿಯೇ, ತನ್ನ ಭಾಷೆಯ ನೆಲದಲ್ಲಿಯೇ ಆಕೆ ಪರಕೀಯಳು. ಇದೇ ಕನ್ನಡ ಇನ್ನೊಬ್ಬರಿಗೆ ಗೋಡೆಯಾಗುವುದೂ ಉಂಟು. 2012ರ ಆಗಸ್ಟ್ ತಿಂಗಳಲ್ಲಿ ಹಬ್ಬಿದ ಸುಳ್ಳು ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳೂ ನೌಕರರೂ ಸಾವಿರಗಟ್ಟಲೆ ಬೆಂಗಳೂರಿನಿಂದ ಗುವಾಹಟಿಯ ರೈಲುಗಳನ್ನು ಹತ್ತಿದರು. ವಿಶೇಷ ಗಾಡಿಗಳನ್ನೇ ಬಿಡಬೇಕಾಯಿತು. ವದಂತಿ ಸುಳ್ಳಾಗಿತ್ತು, ಆದರೆ ಅದನ್ನು ನಂಬುವಷ್ಟು ಒಂಟಿತನ ನಿಜವಾಗಿತ್ತು. ನೆರೆಕೊಠಡಿಯ ಗೆಳೆಯನೊಬ್ಬನು ತಾನಿದ್ದೇನೆ, ಹೋಗಬೇಡವೆಂದು ಹೇಳಿ ನಿಲ್ಲಿಸಿಕೊಳ್ಳಬಲ್ಲವನಾಗಿದ್ದರೆ ಎಷ್ಟೋ ಮಂದಿ ಉಳಿಯುತ್ತಿದ್ದರು.

ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿರಿಸಿದೆ. ಗ್ರಂಥಾಲಯವು ಎರಡನೆಯ ಮಹಡಿಯಲ್ಲಿದ್ದು ಏರುವುದಕ್ಕೆ ಮೆಟ್ಟಿಲು ಮಾತ್ರವಿದ್ದರೆ ಆ ಐದು ಸ್ಥಾನಗಳ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಮಠಗಳ ಉಚಿತ ಪ್ರಸಾದ ನಿಲಯಗಳ ವಿಚಾರವನ್ನು ಬಿಟ್ಟರೆ ಈ ವಿವರಣೆ ಅಪೂರ್ಣ. ಸಿದ್ಧಗಂಗೆಯಲ್ಲಿ ಸುಮಾರು 10,000 ವಿದ್ಯಾರ್ಥಿಗಳಿಗೆ ಅನ್ನ, ವಸತಿ, ವಿದ್ಯೆಗಳು ಜಾತಿಮತಗಳನ್ನು ಕೇಳದೆ ದೊರೆಯುತ್ತಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳವರು 1941ರಲ್ಲಿ ಅಧಿಕಾರ ವಹಿಸಿಕೊಂಡಂದಿನಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಬೆಳೆಸಿದ ದಾಸೋಹವಿದು. ಅಲ್ಲಿ ಮುಸಲ್ಮಾನ ಮಕ್ಕಳೂ ಸಂಸ್ಕೃತ ಕಲಿತದ್ದನ್ನು ನಾಡು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹೆಮ್ಮೆ ಸಹಜ. ಅದರೊಡನೆ ಕೇಳಬೇಕಾದ ಪ್ರಶ್ನೆಯೂ ಒಂದುಂಟು: ಮುಸಲ್ಮಾನ ಬಾಲಕನು ಸಂಸ್ಕೃತದ ಶ್ಲೋಕಗಳನ್ನು ಬಲ್ಲವನಾದಾಗ, ಅವನ ಮಗ್ಗುಲಿನ ಬಾಲಕನು ರಂಜಾನಿನ ಉಪವಾಸದ ವಿಚಾರವಾಗಿ ಏನನ್ನು ಬಲ್ಲ? ಅತಿಥಿಯು ಆತಿಥೇಯನ ರೀತಿಯನ್ನು ಕಲಿಯುವುದು ಲೋಕರೂಢಿ. ಮಠದ ಪ್ರಾರ್ಥನೆ ಮಠದ ರೀತಿಯಲ್ಲಿ ನಡೆಯುವುದೂ ಸರಿಯೇ, ಅದು ಒಂದು ಧರ್ಮಸಂಸ್ಥೆ. ಸರ್ಕಾರದ ಹಣದಿಂದ ನಡೆಯುವ ಕಾಲೇಜಿನಲ್ಲಿ ಮಾತ್ರ ಯಾರೂ ಅತಿಥಿಗಳಲ್ಲ, ಯಾರೂ ಆತಿಥೇಯರಲ್ಲ. ಹೊಂದಿಕೊಳ್ಳುವ ಹೊರೆಯನ್ನು ಸದಾ ಒಂದೇ ಕಡೆಯವರ ಹೆಗಲಿಗೆ ಹೊರಿಸಲಾಗದು.

ಇದಕ್ಕೆಲ್ಲ ದೊಡ್ಡ ವೆಚ್ಚದ ಯೋಜನೆಗಳು ಬೇಕೆಂದೇನೂ ಇಲ್ಲ. ಕೊಠಡಿಗಳನ್ನು ವಿದ್ಯಾರ್ಥಿಗಳ ಆಯ್ಕೆಗೂ ಬಿಡದೆ, ಅಂಕಗಳ ಕ್ರಮದಲ್ಲಿಯೂ ಹಂಚದೆ, ಮೊದಲ ವರ್ಷ ಚೀಟಿ ಎತ್ತಿ ಹಂಚಬಹುದು. ಕಿರುಕುಳದ ದೂರು ಬಂದಾಗ ದೂರಿತ್ತವನನ್ನಲ್ಲ, ಕಿರುಕುಳ ಕೊಟ್ಟವನನ್ನು ಆ ಮಹಡಿಯಿಂದ ಕದಲಿಸಬಹುದು. ಬಡಿಸುವ ಸರದಿಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಹಾಕಬಹುದು. ನಿಲಯಪಾಲಕರು ವಾರಕ್ಕೆರಡು ದಿನವಾದರೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಪರಿಪಾಠವಿದ್ದರೆ ಅವರಿಗೆ ಅನೇಕ ಸಂಗತಿಗಳು ದೂರುಪತ್ರವಿಲ್ಲದೆಯೇ ತಿಳಿದುಬಂದಾವು. ತರಗತಿಯಲ್ಲಿ ಅಧ್ಯಾಪಕರು ಹಾಜರಿ ಕರೆಯುವಾಗ ಮಣಿಪುರದ ಅಥವಾ ಮಿಜೋರಾಮಿನ ವಿದ್ಯಾರ್ಥಿಯ ಹೆಸರು ಬಂದೊಡನೆ ತಡವರಿಸಿ, ನಕ್ಕು, ಅವನನ್ನು ಸಂಖ್ಯೆಯಿಂದ ಕರೆದುಬಿಡುವುದುಂಟು. ಇಡೀ ತರಗತಿಯೂ ಆಗ ನಗುತ್ತದೆ. ಮೊದಲನೆಯ ದಿನ ತರಗತಿ ಮುಗಿದ ಮೇಲೆ ಆ ವಿದ್ಯಾರ್ಥಿಯನ್ನು ಹತ್ತಿರಕ್ಕೆ ಕರೆದು, ಹೆಸರನ್ನು ಅವನ ಬಾಯಿಂದಲೇ ಎರಡು ಸಲ ಹೇಳಿಸಿಕೊಂಡು, ಹಾಜರಿ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಅದನ್ನು ಬರೆದಿಟ್ಟುಕೊಳ್ಳಲು ಎರಡು ನಿಮಿಷ ಸಾಕು.